ಚೋಕ್ ಮೇಲಿನ ಹೆಸರು ನಂಬಬೇಡಿ, ಕಾಗದ ಕಟ್ಟಿ ಚರೆ ಎಣಿಸಿ

ಚಳಿ ಬಿದ್ದು ಆಲಮಟ್ಟಿ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತುಗಳು ಇಳಿಯುವ ಹೊತ್ತಿಗೆ ಮೊಬೈಲುಗಳಲ್ಲಿ ಅಮೆರಿಕದ ಹೆಬ್ಬಾತು ಬೇಟೆಯ ವಿಡಿಯೊಗಳೂ ಓಡಾಡತೊಡಗುತ್ತವೆ. ಅವನ್ನು ನೋಡಿದವರು ಟ್ರ್ಯಾಪ್ ಶೂಟಿಂಗ್ (ನಮ್ಮಿಂದ ದೂರ ಹಾರುವ ಮಣ್ಣಿನ ತಟ್ಟೆಗೆ ಹೊಡೆಯುವ ಆಟ) ಕಲಿಯಲು ಬರುವಾಗ ‘ಎಕ್ಸ್‌ಟ್ರಾ ಫುಲ್ ಚೋಕ್, ಸ್ಟೀಲ್ ಬಿಬಿ ಚರೆ, ಮೂರಿಂಚಿನ ಕಾಡತೂಸು’ ಎಂದು ಪಟ್ಟಿ ಹಿಡಿದೇ ಬರುತ್ತಾರೆ. ಚೋಕ್ ಎಂದರೆ ಚರೆ ಒತ್ತಾಗಿ ಹಾರಲೆಂದು ನಳಿಗೆಯ ಮೂತಿಯಲ್ಲಿ ಮಾಡಿದ ಇಕ್ಕಟ್ಟು; ಬಿಬಿ ಎಂಬುದು ದಪ್ಪ ಚರೆಯ ಒಂದು ಸೈಜು. ತಾತನ ಕಾಲದ ಜೋಡುನಳಿಗೆ ಬಂದೂಕಿಗೆ ಈ ಪಟ್ಟಿ ಹೊಂದುವುದಿಲ್ಲ ಎಂಬುದಷ್ಟೇ ಅಲ್ಲ, ನಳಿಗೆಯನ್ನೇ ಕೆಡಿಸಬಲ್ಲದು.

ಮೊದಲು ಕಾನೂನಿನ ಮಾತು. ಹೆಬ್ಬಾತು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬೆಳೆ ಕಾಯಲು ಕೊಟ್ಟ ಲೈಸೆನ್ಸು ಕಡಲೆ ಹೊಲಕ್ಕೆ ಇಳಿದ ಹಕ್ಕಿಯ ಮೇಲೆ ಗುಂಡು ಹಾರಿಸುವ ಪರವಾನಗಿಯಲ್ಲ. ಹಲಗಿ ಬಡಿದು ಹೊಲದಲ್ಲಿ ಓಡಾಡಿದರೆ ಏಳುತ್ತವೆ, ಅಷ್ಟು ಸಾಕು. ಇಲ್ಲಿ ಹೇಳುವುದೆಲ್ಲ ಮಣ್ಣಿನ ತಟ್ಟೆಗೆ ಗುರಿಯಿಡುವ 12 ಬೋರ್ ಬಂದೂಕಿನ ಬಗ್ಗೆ, ಅದೂ ಅನುಮತಿ ಇರುವ ರೇಂಜಿನಲ್ಲಿ. ಎರೆ ಹೊಲದ ಬದುವಿಗೆ ಕಾಗದ ಕಟ್ಟಿ ಪರೀಕ್ಷೆ ಮಾಡುವುದು ಸಲ್ಲದು. 2.4 ಮಿಲಿಮೀಟರ್‌ನ ಸಣ್ಣ ಚರೆಯೂ ಸುಮಾರು 200 ಮೀಟರ್ ಹೋಗಿ ಬೀಳುತ್ತದೆ; ಸೀಸದ ಬಿಬಿ ಚರೆ 350 ಮೀಟರ್ ದಾಟುತ್ತದೆ.

ಹೆಬ್ಬಾತು ಬೇಟೆಗಾರರಿಂದ ನಾವು ಕಲಿಯಬೇಕಾದದ್ದು ಒಂದಿದೆ: ಋತು ಶುರುವಾಗುವ ಮುಂಚೆ ಕಾಗದ ಕಟ್ಟಿ, ಹೊಡೆದು, ತೂತು ಎಣಿಸುವ ಅಭ್ಯಾಸ. ಅವರ ಸಾಮಾನು ಮಾತ್ರ ಅಲ್ಲಿಯದೇ. ನೀರುಹಕ್ಕಿಗಳು ಕೆಸರಿನಲ್ಲಿ ಬಿದ್ದ ಸೀಸದ ಚರೆಯನ್ನು ಹರಳೆಂದು ನುಂಗಿ ವಿಷವೇರಿ ಸಾಯುತ್ತವೆ. ಆ ಕಾರಣಕ್ಕೆ ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಯ ಬೇಟೆಗೆ ಸೀಸ ನಿಷಿದ್ಧ. ಉಕ್ಕು ಸೀಸಕ್ಕಿಂತ ಹಗುರ, ಆದ್ದರಿಂದ ಅವರು ಎರಡು ಸೈಜು ದಪ್ಪ ಚರೆ ಹಾಕುತ್ತಾರೆ, ಅದು ಹಿಡಿಸಲು ಉದ್ದ ಕಾಡತೂಸು ಬೇಕಾಗುತ್ತದೆ. ಉಕ್ಕು ನಜ್ಜಾಗದೆ ಒತ್ತಾಗಿ ಹಾರುವುದರಿಂದ ಅಲ್ಲಿನವರಲ್ಲಿ ಬಹಳ ಜನ ಬಿಗಿಯಾದ ಫುಲ್ ಬಿಟ್ಟು ಹಾಫ್ (ಅರ್ಧ) ಚೋಕ್ ಬಳಸುತ್ತಾರೆ. 35 ಗ್ರಾಂ ಬಿಬಿ ಉಕ್ಕಿನಲ್ಲಿ ಸುಮಾರು 90 ಚರೆ. ನಮ್ಮ 24 ಗ್ರಾಂ ಟ್ರ್ಯಾಪ್ ಕಾಡತೂಸಿನಲ್ಲಿ 300. ಲೆಕ್ಕವೇ ಬೇರೆಯಾದ ಮೇಲೆ ಅವರ ಚೋಕಿನ ಹೆಸರು ನಮಗೆ ಏನನ್ನೂ ಹೇಳುವುದಿಲ್ಲ.

1. ನಳಿಗೆ ಓದಿ

ಬಂದೂಕು ಬಿಚ್ಚಿ ನಳಿಗೆಯ ತಳದ ಮುದ್ರೆ ನೋಡಿ. ಚೇಂಬರ್ (ಕಾಡತೂಸು ಕೂರುವ ಗೂಡು) 70 ಮಿಲಿಮೀಟರೋ, ಹಳೆಯ ಇಂಗ್ಲಿಷ್ ಬಂದೂಕಾದರೆ 65 ಮಿಲಿಮೀಟರೋ ತಿಳಿಯಬೇಕು. 76 ಮಿಲಿಮೀಟರ್‌ನ ಮೂರಿಂಚಿನ ಕಾಡತೂಸು 70ರ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ. ಮೋಸ ಆಗುವುದು ಅಲ್ಲಿಯೇ. ಮಡಚಿದ ಬಾಯಿ ಹಾರಿಸಿದಾಗ ಬಿಚ್ಚಿಕೊಳ್ಳಲು ಜಾಗವಿಲ್ಲದೆ ನಳಿಗೆಯ ಇಕ್ಕಟ್ಟಿಗೆ ಸಿಕ್ಕಿ ಒತ್ತಡ ಏರುತ್ತದೆ. ನಳಿಗೆಯ ಮೇಲೆ ಬಳ್ಳಿಯಂಥ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಅಂದರೆ ಕಬ್ಬಿಣ–ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಹಳೆಯ ಕಾಲದ ನಳಿಗೆ. ಇಂದಿನ ಕಾಡತೂಸು ಹಾಕದೆ ಗೋಡೆಗೆ ತೂಗುಹಾಕಿ. ಉಕ್ಕಿನ ಚರೆಗೆ ಪರೀಕ್ಷೆಯಾದ ಯುರೋಪಿನ ನಳಿಗೆಗಳ ಮೇಲೆ ಲಿಲ್ಲಿ ಹೂವಿನ ಮುದ್ರೆ ಇರುತ್ತದೆ. ಅದಿಲ್ಲದ ಹಳೆಯ ಫುಲ್ ಚೋಕ್ ನಳಿಗೆಯಲ್ಲಿ ದಪ್ಪ ಉಕ್ಕು ಹಾರಿಸಿದರೆ ಮೂತಿಯ ಹತ್ತಿರ ಉಬ್ಬು ಏಳಬಹುದು.

ಚೋಕಿನ ಗುರುತು ಇಟಲಿ ಮಾದರಿಯಲ್ಲಿ ನಕ್ಷತ್ರಗಳು: ಒಂದಾದರೆ ಫುಲ್, ಎರಡಾದರೆ ಮುಕ್ಕಾಲು, ಮೂರಾದರೆ ಅರ್ಧ, ನಾಲ್ಕಾದರೆ ಇಂಪ್ರೂವ್ಡ್ ಸಿಲಿಂಡರ್ (ತೀರ ಕಡಿಮೆ ಇಕ್ಕಟ್ಟು). ಜೋಡುನಳಿಗೆಯಲ್ಲಿ ಸಾಮಾನ್ಯವಾಗಿ ಬಲ ಸಡಿಲ, ಎಡ ಬಿಗಿ. ಮೂತಿಗೆ ನಾಣ್ಯ ಇಟ್ಟು ‘ಇದು ಫುಲ್’ ಎನ್ನುವ ರೂಢಿ ಬಿಡಿ. ಚೋಕ್ ಎಂದರೆ ಒಳನಳಿಗೆಯ ವ್ಯಾಸಕ್ಕೂ ಮೂತಿಯ ವ್ಯಾಸಕ್ಕೂ ಇರುವ ವ್ಯತ್ಯಾಸ. ಒಳನಳಿಗೆ ಬಂದೂಕಿನಿಂದ ಬಂದೂಕಿಗೆ 18.3ರಿಂದ 18.8 ಮಿಲಿಮೀಟರ್‌ವರೆಗೆ ಬದಲಾಗುತ್ತದೆ, ಹಾಗಾಗಿ ಮೂತಿಯೊಂದನ್ನೇ ಅಳೆದು ಪ್ರಯೋಜನವಿಲ್ಲ. ಅರ್ಧ ಚೋಕ್ ಅಂದರೆ 0.5 ಮಿಲಿಮೀಟರ್ ಇಕ್ಕಟ್ಟು, ಫುಲ್ ಅಂದರೆ 0.9ರಿಂದ 1.

ತಿರುಪಿನ ಚೋಕ್ ಇದ್ದರೆ ಬಂದೂಕಿನ ಕಂಪನಿಯದನ್ನೇ ಕೊಳ್ಳಿ. ಬೆರೆಟ್ಟಾ ಕಂಪನಿಯ ಮೊಬಿಲ್‌ಚೋಕ್ ಮರೆ ಬ್ರೌನಿಂಗ್ ಕಂಪನಿಯ ಇನ್ವೆಕ್ಟರ್ ನಳಿಗೆಗೆ ಕೂರದು. ಹೆಸರಿಲ್ಲದ ಅಗ್ಗದ ‘ಎಕ್ಸ್‌ಟ್ರಾ ಫುಲ್’ ಚೋಕ್‌ಗಳ ಒಳಮೈ ನಡುವಿಗೆ ಇರುವುದೇ ಇಲ್ಲ. ಚರೆ ಒಂದು ಪಕ್ಕಕ್ಕೆ ವಾಲುತ್ತದೆ.

2. ಕಾಡತೂಸು

ಟ್ರ್ಯಾಪ್‌ಗೆ 24 ಗ್ರಾಂ, 2.4 ಮಿಲಿಮೀಟರ್ ಚರೆ. ತಟ್ಟೆಗಳು ಹತ್ತಿರದಲ್ಲೇ ಅಡ್ಡ ಹಾಯುವ ಸ್ಕೀಟ್ ಆಟಕ್ಕೆ 2 ಮಿಲಿಮೀಟರ್. ಡಬ್ಬಿಯ ಮೇಲಿನ ನಂಬರನ್ನು ಬಿಟ್ಟು ಮಿಲಿಮೀಟರನ್ನೇ ಓದಿ, ಏಕೆಂದರೆ ಇಂಗ್ಲಿಷ್ 7 ಮತ್ತು ಅಮೆರಿಕದ ಏಳೂವರೆ ಒಂದೇ ಗಾತ್ರದವು. ಆಂಟಿಮನಿ ಬೆರೆತ ಗಟ್ಟಿ ಚರೆಯನ್ನೇ ಕೇಳಿ ಪಡೆಯಿರಿ. ಮೆತ್ತನೆಯದು ನಳಿಗೆಯಲ್ಲೇ ಚಪ್ಪಟೆಯಾಗಿ ಹೊರಗಂಚಿಗೆ ಹಾರಿಹೋಗುತ್ತದೆ. ಮಳೆಗಾಲ ಕಳೆದು ಉಬ್ಬಿದ ಕಾಗದದ ಕೊಳವೆಯ ಕಾಡತೂಸುಗಳನ್ನು ‘ಪರೀಕ್ಷೆಗಾದರೂ ಆಗುತ್ತದೆ’ ಎಂದು ತರಬೇಡಿ.

12 ಬೋರ್ ಚೀಲದಲ್ಲಿ ಒಂದೇ ಒಂದು 20 ಬೋರ್ ಕಾಡತೂಸೂ ಇರಕೂಡದು. ಅದು ಚೇಂಬರ್ ದಾಟಿ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ, ಖಾಲಿ ಎಂದುಕೊಂಡು ಹಿಂದೆ 12 ಹಾಕಿದರೆ ನಳಿಗೆ ಸಿಡಿಯುತ್ತದೆ.

3. ಕಾಗದ, ದೂರ, ಹೊಡೆತ

1.2 ಮೀಟರ್ ಅಗಲ, ಅಷ್ಟೇ ಎತ್ತರದ ಕಂದು ಕಾಗದ ಬೇಕು. ರೋಲು ಚಿಕ್ಕದಿದ್ದರೆ ಎರಡು ಪಟ್ಟಿ ಅಂಟಿಸಿ. ಹಳೆಯ ಫ್ಲೆಕ್ಸ್ ಬ್ಯಾನರ್ ಬೇಡ. ಅದು ಹಿಗ್ಗಿ ತೂತು ಮುಚ್ಚಿಕೊಳ್ಳುತ್ತದೆ, ಎಣಿಕೆ ಕಡಿಮೆ ಬರುತ್ತದೆ. ಚೌಕಟ್ಟು ಬಿದಿರಿನದಿರಲಿ. ಕಬ್ಬಿಣದ ತಗಡಿಗೆ ಸುಣ್ಣ ಬಳಿದು ಹೊಡೆಯುವ ಪದ್ಧತಿ ಸೀಸಕ್ಕೆ ನಡೆದೀತು. ಉಕ್ಕಿನ ಚರೆ ವಾಪಸ್ ಪುಟಿಯುತ್ತದೆ. ಬೆಳಗಾವಿಯ ಮಳೆಗಾಲದ ಪಡುವಣ ಗಾಳಿಗೆ ಕಾಗದ ಪಟಪಟ ಬಡಿದು ಹರಿಯುತ್ತದೆ. ಗಾಳಿಯೇಳುವ ಮುಂಚಿನ ಬೆಳಗಿನ ಹೊತ್ತು ಒಳ್ಳೆಯದು. ವಿಜಯಪುರದ ಏಪ್ರಿಲ್ ಬಿಸಿಲಿಗೆ ಕಾಡತೂಸಿನ ಡಬ್ಬಿಯನ್ನು ಕಾರಿನಲ್ಲಿ ಬಿಡದೆ ನೆರಳಿನಲ್ಲಿಡಿ. ಕಾದ ಮದ್ದಿನ ಒತ್ತಡ ಬೇರೆ, ಚರೆಯ ಹರವೂ ಬೇರೆ.

ದೂರವನ್ನು ಹೆಜ್ಜೆಯಿಂದ ಅಳೆಯಬೇಡಿ, ಟೇಪು ಹಿಡಿಯಿರಿ. ಪುಸ್ತಕದ ಕೋಷ್ಟಕಗಳೆಲ್ಲ 40 ಗಜಕ್ಕೆ, ಅಂದರೆ 36.6 ಮೀಟರ್‌ಗೆ ಬರೆದವು. ಟ್ರ್ಯಾಪ್ ತಟ್ಟೆಗಳು ಒಡೆಯುವುದೂ ಹೆಚ್ಚುಕಡಿಮೆ ಆ ಆಸುಪಾಸಿನಲ್ಲೇ, ಆದ್ದರಿಂದ ಅದೇ ದೂರ ಸಾಕು. ಸ್ಕೀಟ್‌ಗೆ 20 ಮೀಟರ್.

ನಡುವೆ ಒಂದು ಕಪ್ಪು ಚುಕ್ಕೆ ಅಂಟಿಸಿ, ಕೂತು, ಮರಳಿನ ಚೀಲದ ಮೇಲೆ ಮುಂಗೈ ಊರಿ ಹೊಡೆಯಿರಿ. ಒಂದು ಕಾಗದಕ್ಕೆ ಒಂದೇ ಈಡು. ಪ್ರತಿ ಚೋಕ್–ಕಾಡತೂಸು ಜೋಡಿಗೆ ಐದು ಕಾಗದ ಕನಿಷ್ಠ, ಹತ್ತಾದರೆ ಒಳ್ಳೆಯದು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಕಡ್ಡಾಯ. ಯಾವುದಾದರೂ ಈಡು ‘ಪುಸ್’ ಎಂದು ಮೆತ್ತಗೆ ಕೇಳಿಸಿದರೆ ನಿಲ್ಲಿಸಿ, ಬಂದೂಕು ಬಿಚ್ಚಿ, ಖಾಲಿ ಮಾಡಿ, ಹಿಂದಿನಿಂದ ನಳಿಗೆಯೊಳಗೆ ಬೆಳಕು ನೋಡಿ. ಮದ್ದಿಗೂ ಚರೆಗೂ ನಡುವೆ ಇರುವ ಪ್ಲಾಸ್ಟಿಕ್ ಬಿರಡೆ (ವಾಡ್) ಒಳಗೇ ಉಳಿದಿದ್ದರೆ ಮುಂದಿನ ಈಡಿಗೆ ನಳಿಗೆ ಹೋಗುತ್ತದೆ. ತಿರುಪಿನ ಚೋಕ್ ಹತ್ತು ಈಡಿಗೊಮ್ಮೆ ಸಡಿಲವಾಗುತ್ತದೆಯೇ ಎಂದು ನೋಡಿ, ಸಡಿಲಾಗಿದ್ದರೆ ಬಂದೂಕು ಖಾಲಿ ಮಾಡಿಯೇ ಬಿಗಿಮಾಡಿ.

4. ಎಣಿಕೆ: ಎಲ್ಲರೂ ತಪ್ಪುವುದು ಇಲ್ಲಿ

ಹೆಚ್ಚಿನವರು ಹೊಡೆಯುವ ಮುಂಚೆಯೇ ಚುಕ್ಕೆಯ ಸುತ್ತ ವೃತ್ತ ಬರೆದಿಡುತ್ತಾರೆ. ಆಮೇಲೆ ಅರ್ಧ ಚರೆ ವೃತ್ತದ ಹೊರಗೆ ಕಂಡು ಚೋಕ್ ಕೆಟ್ಟಿದೆ ಎಂದು ಬಿಗಿಯಾದ ಇನ್ನೊಂದನ್ನು ಕೊಳ್ಳುತ್ತಾರೆ. ವೃತ್ತ ಬರೆಯಬೇಕಾದದ್ದು ಹೊಡೆದ ಮೇಲೆ. ತೂತುಗಳು ಎಲ್ಲಿ ದಟ್ಟವಾಗಿವೆಯೋ ಆ ಜಾಗದ ನಡುವೆ ಮೊಳೆ ಊರಿ, 37.5 ಸೆಂಟಿಮೀಟರ್ ದಾರಕ್ಕೆ ಪೆನ್ಸಿಲ್ ಕಟ್ಟಿ 75 ಸೆಂಟಿಮೀಟರ್ ವ್ಯಾಸದ ವೃತ್ತ ಎಳೆಯಿರಿ. ಹರವು ಎಷ್ಟು ಒತ್ತಾಗಿದೆ ಎಂಬುದು ಒಂದು ಪ್ರಶ್ನೆ, ಅದು ಎಲ್ಲಿ ಬಿದ್ದಿದೆ ಎಂಬುದು ಇನ್ನೊಂದು. ಎರಡನ್ನೂ ಒಂದೇ ವೃತ್ತದಲ್ಲಿ ಕಲಸಬೇಡಿ.

ಒಂದು ಕಾಡತೂಸಿನಲ್ಲಿ ಚರೆ ಎಷ್ಟಿವೆ ಎಂಬುದು ಮೊದಲು ಗೊತ್ತಿರಬೇಕು. ಮೂರು ಕಾಡತೂಸುಗಳ ಬಾಯಿಯ ಮಡಿಕೆ ಬಿಡಿಸಿ ಚರೆ ಮಾತ್ರ ಸುರಿದು ಎಣಿಸಿ ಸರಾಸರಿ ತೆಗೆಯಿರಿ. ವಾಡ್ ಕೆಳಗಿನ ಮದ್ದು, ಅದನ್ನು ಹೊತ್ತಿಸುವ ತಳದ ಪ್ರೈಮರ್ ಮುಟ್ಟಬೇಡಿ. ಉಳಿದ ಕೊಳವೆಯನ್ನು ರೇಂಜಿನ ಅಧಿಕಾರಿಗೆ ಒಪ್ಪಿಸಿ.

ಈಗ ವೃತ್ತದೊಳಗಿನ ಪ್ರತಿ ತೂತನ್ನೂ ಬಣ್ಣದ ಪೆನ್ನಿನಿಂದ ತಟ್ಟುತ್ತ ಎಣಿಸಿ. ಉದಾಹರಣೆಗೆ ಐದು ಕಾಗದಗಳಲ್ಲಿ 204, 213, 196, 221, 206 ಬಂದವು ಎನ್ನಿ. ಒಟ್ಟು 1040, ಸರಾಸರಿ 208. 300ರಲ್ಲಿ ಶೇ 69. ಕೋಷ್ಟಕದ ಪ್ರಕಾರ 40 ಗಜಕ್ಕೆ ಸಿಲಿಂಡರ್ (ಇಕ್ಕಟ್ಟೇ ಇಲ್ಲದ್ದು) ಶೇ 40, ಇಂಪ್ರೂವ್ಡ್ ಶೇ 50, ಅರ್ಧ ಶೇ 60, ಮುಕ್ಕಾಲು ಶೇ 65, ಫುಲ್ ಶೇ 70. ಅಂದರೆ ನಳಿಗೆಯ ಮೇಲೆ ‘ಅರ್ಧ’ ಎಂದಿದ್ದರೂ ಈ ಕಾಡತೂಸಿಗೆ ಅದು ಫುಲ್. ಇದೇ ಉದಾಹರಣೆಯಲ್ಲಿ ಒಂದೇ ಬಂದೂಕು, ಒಂದೇ ಡಬ್ಬಿ, ಆದರೂ ಕಾಗದದಿಂದ ಕಾಗದಕ್ಕೆ 25 ಚರೆಯ ಏರುಪೇರು ಇದೆ. ಒಂದೊಂದೇ ಈಡು ಹೊಡೆದು ‘ಈ ಚೋಕ್ ಶೇ 3 ಮೇಲು’ ಎಂದು ತೀರ್ಮಾನಿಸುವುದು ಯಾಕೆ ವ್ಯರ್ಥ ಎಂಬುದು ಇದರಿಂದಲೇ ತಿಳಿಯುತ್ತದೆ.

ಶೇಕಡಾ ಲೆಕ್ಕಕ್ಕೇ ನಿಲ್ಲಬೇಡಿ. ಅದೇ ಮೊಳೆಯಿಂದ 50 ಸೆಂಟಿಮೀಟರ್‌ನ ಒಳವೃತ್ತವನ್ನೂ ಎಳೆಯಿರಿ. ಇದು ದೊಡ್ಡ ವೃತ್ತದ ಜಾಗದಲ್ಲಿ ಶೇ 44ರಷ್ಟು. 208ರಲ್ಲಿ 120 ಚರೆ ಇದರೊಳಗಿದ್ದರೆ ನಡು ದಟ್ಟ, ಅಂಚು ತೆಳು. 150 ದಾಟಿತೋ, ಗುರಿ ಸ್ವಲ್ಪ ತಪ್ಪಿದರೂ ತಟ್ಟೆ ಹಾಗೇ ಹೋಗುತ್ತದೆ; ಚೋಕ್ ಒಂದು ಮೆಟ್ಟಿಲು ಸಡಿಲಿಸಿ.

ಇನ್ನು ತಟ್ಟೆಯ ಪರೀಕ್ಷೆ. ಟ್ರ್ಯಾಪ್ ತಟ್ಟೆ 110 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ಎತ್ತರ. ರಟ್ಟಿನಲ್ಲಿ ಒಂದು 110ರ ಬಿಲ್ಲೆ, ಒಂದು 110 ಅಡ್ಡ 25ರ ಪಟ್ಟಿ ಕತ್ತರಿಸಿ ಕಾಗದದ ಮೇಲೆಲ್ಲ ಸರಿಸಿ ನೋಡಿ. ಮೇಲಿನ ಲೆಕ್ಕದಲ್ಲಿ ಬಿಲ್ಲೆಯ ಕೆಳಗೆ ಸರಾಸರಿ ನಾಲ್ಕೂವರೆ ಚರೆ ಬೀಳುತ್ತವೆ, ಪಟ್ಟಿಯ ಕೆಳಗೆ ಒಂದಕ್ಕಿಂತ ತುಸು ಹೆಚ್ಚು. ನಿಮ್ಮಿಂದ ದೂರ ಓಡುವ ತಟ್ಟೆ ಬಿಲ್ಲೆಯಾಗಿ ಕಾಣದೆ ಹೆಚ್ಚಾಗಿ ಪಟ್ಟಿಯಾಗಿಯೇ ಕಾಣುತ್ತದೆ. ಟ್ರ್ಯಾಪ್‌ನವರು ಬಿಗಿ ಚೋಕ್ ಬಯಸುವುದೂ, ಸ್ಕೀಟ್‌ನವರಿಗೆ ಸಡಿಲವೇ ಸಾಕಾಗುವುದೂ ಇದೇ ಕಾರಣಕ್ಕೆ. ಬಿಲ್ಲೆಯೊಳಗೆ ಒಂದೂ ಚರೆ ಬೀಳದ ಖಾಲಿ ಜಾಗ ಐದು ಕಾಗದಗಳಲ್ಲೂ ಒಂದೇ ಮಗ್ಗುಲಿಗೆ ಸಿಕ್ಕರೆ ಚೋಕ್ ಓರೆಯಾಗಿದೆ. ಬೇರೆಬೇರೆ ಕಡೆ ಸಿಕ್ಕರೆ ಚರೆ ಮೆತ್ತಗಿದೆ ಅಥವಾ ಚೋಕ್ ಅತಿ ಬಿಗಿಯಾಗಿದೆ. ಅತಿ ಬಿಗಿ ಚೋಕ್ ಸೀಸವನ್ನು ಹಿಂಡಿ ವಿಕಾರ ಮಾಡುತ್ತದೆ, ಆಗ ಶೇಕಡಾವಾರು ಏರುವ ಬದಲು ಇಳಿಯುತ್ತದೆ.

ಟ್ರ್ಯಾಪ್ ಹೊಸಬರು ಮೊದಲ ನಳಿಗೆಗೆ ಅರ್ಧ ಚೋಕ್, ಎರಡನೆಯದಕ್ಕೆ ಮುಕ್ಕಾಲು ಹಾಕಿ ಶುರುಮಾಡಲಿ. ‘ಹೈ ಸ್ಪೀಡ್’ ಎಂದು ಬರೆದ ಡಬ್ಬಿಗಿಂತ ಸಾಧಾರಣ ವೇಗದ್ದು ಬಹಳ ಸಲ ಹೆಚ್ಚು ಸಮ ಹರವು ಕೊಡುತ್ತದೆ, ಭುಜಕ್ಕೂ ಹಗುರ.

5. ಎಲ್ಲಿ ಬಿತ್ತು

ಈಗ ಕಪ್ಪು ಚುಕ್ಕೆಯಿಂದ ಮೊಳೆಯ ತೂತಿಗೆ ಅಳೆಯಿರಿ. ಟ್ರ್ಯಾಪ್ ಬಂದೂಕು ಏರುವ ತಟ್ಟೆಗಾಗಿ ತುಸು ಮೇಲೆ ಹೊಡೆಯಬೇಕು: 7.5 ಸೆಂಟಿಮೀಟರ್ ಮೇಲೆ ಬಿದ್ದರೆ ಅದನ್ನು 60–40 (ಹರವಿನ ಶೇ 60 ಗುರಿಯ ಮೇಲೆ, 40 ಕೆಳಗೆ) ಎನ್ನುತ್ತಾರೆ, 15 ಆದರೆ 70–30. ಎಡಕ್ಕೋ ಬಲಕ್ಕೋ ಹತ್ತು ಸೆಂಟಿಮೀಟರ್ ಸರಿದಿದ್ದರೆ 15 ಮೀಟರ್‌ನಲ್ಲಿ ನಿಂತು, ಬಂದೂಕನ್ನು ಸಹಜವಾಗಿ ಭುಜಕ್ಕೇರಿಸಿ ಮತ್ತೆ ಐದು ಹೊಡೆಯಿರಿ. ಅಲ್ಲೂ ಅದೇ ದಿಕ್ಕಿಗೆ ಸರಿದರೆ ಸ್ಟಾಕ್ (ಬಂದೂಕಿನ ಹಿಂಬದಿಯ ಮರದ ಹಿಡಿ) ನಿಮ್ಮ ಕೆನ್ನೆಗೆ ಹೊಂದಿಲ್ಲ. ಈ ದೂರದಲ್ಲಿ 25 ಮಿಲಿಮೀಟರ್ ತಪ್ಪಿಗೆ ಸ್ಟಾಕಿನಲ್ಲಿ ಸುಮಾರು 1.5 ಮಿಲಿಮೀಟರ್ ತಿದ್ದುಪಡಿ ಬೇಕು. ತುಂಬ ಕೆಳಗೆ ಬೀಳುತ್ತಿದ್ದರೆ ಕೆನ್ನೆ ಕೂರುವ ಕಡೆ ತೆಳು ರಬ್ಬರ್ ಪಟ್ಟಿ ಅಂಟಿಸಿ ಪರೀಕ್ಷಿಸಿ. ಮರ ಕೆತ್ತುವ ಕೆಲಸ ಕೊನೆಗಿರಲಿ.

ಪ್ರತಿ ಕಾಗದದ ಮೂಲೆಯಲ್ಲಿ ತಾರೀಖು, ನಳಿಗೆ, ಚೋಕ್, ದೂರ, ಕಾಡತೂಸಿನ ಡಬ್ಬಿಯ ಲಾಟ್ ನಂಬರ್ ಬರೆದು ಮಡಚಿಡಿ. ಲಾಟ್ ಬದಲಾದಾಗ ಮೂರು ಕಾಗದ ಹೊಡೆದು ಹಳೆಯವುಗಳ ಪಕ್ಕ ಹಾಸಿ ನೋಡಿ. ಸರಾಸರಿ ಮೂವತ್ತು ಚರೆಗಿಂತ ಹೆಚ್ಚು ಸರಿದಿದ್ದರೆ ಐದನ್ನೂ ಹೊಸದಾಗಿ ಹೊಡೆಯಿರಿ.