ಕೂತರೆ ಗುಡ್ಡ ಕಾಣುತ್ತದೆ

ಶಿರಸಿ ಹತ್ತಿರ ತೋಟದ ಪಕ್ಕ ನಾವು ಮನೆ ಕಟ್ಟಿಸಿದ್ದು 2017ರಲ್ಲಿ. ಪಶ್ಚಿಮಕ್ಕೆ ಗದ್ದೆ ಬಯಲು, ಅದರಾಚೆ ಗುಡ್ಡ. ಅದನ್ನು ನೋಡುತ್ತಾ ಚಾ ಕುಡಿಯಬೇಕು, ನನ್ನ ಆಸೆ ಅಷ್ಟೇ. ಆ ಕಡೆ ಜಗಲಿ ಬೇಡ ಅಂದೆ. ಹಾಲ್‌ನ ಗೋಡೆಗೆ 8 ಅಡಿ ಅಗಲ, 5 ಅಡಿ ಎತ್ತರದ ಗಾಜಿನ ಕಿಟಕಿ ಇಡಿಸಿದೆ. ಮೇಲೆ ಗೋಡೆಯಿಂದ 2 ಅಡಿ ಹೊರಚಾಚಿದ ಸಜ್ಜಾ. "ಇಷ್ಟ್ ದೊಡ್ಡ ಕಿಟಕಿ ಎಂತಕ್ಕೆ ಮಾರಾಯ?" ಎಂದು ಅಪ್ಪಯ್ಯ ಒಮ್ಮೆ ಕೇಳಿ ಸುಮ್ಮನಾದರು.

ಮೊದಲ ಮಾರ್ಚ್‌ನಲ್ಲೇ ಗೊತ್ತಾಯಿತು. ಸಂಜೆ ನಾಲ್ಕಕ್ಕೆ ಸೋಫಾ ಮುಟ್ಟಿದರೆ ಬಿಸಿ. ಗುಡ್ಡ ನೋಡಲು ಇಟ್ಟ ಕಿಟಕಿಗೆ ದಪ್ಪ ಪರದೆ ಎಳೆದು, ಹಾಡುಹಗಲೇ ಟ್ಯೂಬ್‌ಲೈಟ್ ಹಾಕಿ ಕೂರುವ ಹಾಗಾಯಿತು. ಜೂನ್‌ನಲ್ಲಿ ಇನ್ನೊಂದು ಕಥೆ. ನಮ್ಮಲ್ಲಿ ಮಳೆಯೂ ಆ ಕಡೆಯಿಂದಲೇ ಬರುವುದು ಅಲ್ವಾ? ಎರಚಲು ಹೊಡೆದು ಚೌಕಟ್ಟು ಉಬ್ಬಿತು, ಕಿಟಕಿಯ ಬಾಗಿಲು ಹಾಕಲು ಬರಲಿಲ್ಲ. ಹಳೆ ಮನೆಯ ಸೂರು ತಲೆಗೆ ತಾಗುವಷ್ಟು ತಗ್ಗಿದೆ ಎಂದು ಬೈದುಕೊಂಡೇ ಬೆಳೆದವನು ನಾನು.

ಸರಿಮಾಡಲು ಕೂಡಲೇ ಮೇಸ್ತ್ರಿಯನ್ನು ಕರೆಯಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಒಂದು ವಾರ, ಬಿಸಿಲು ನೆಲದ ಮೇಲೆ ಎಲ್ಲಿವರೆಗೆ ಬಂತು ಎಂದು ಗಂಟೆಗೊಮ್ಮೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಸಮಯ ಬರೆದೆ. ಕೆಂಪು ಕಾವಿ ನೆಲದ ತುಂಬಾ 3.30, 4.30, 5.30. ಆಯಿ ದಿನಾ ಬೆಳಿಗ್ಗೆ ನೆಲ ಒರೆಸಿ ಅದನ್ನೆಲ್ಲ ಅಳಿಸುತ್ತಿದ್ದಳು, ಅದು ಬೇರೆ ವಿಷಯ.

ಲೆಕ್ಕ ಸುಲಭ. ಏಪ್ರಿಲ್‌ನಲ್ಲಿ ನಾಲ್ಕೂವರೆಗೆ ಸೂರ್ಯ ಸುಮಾರು 30 ಡಿಗ್ರಿ ಎತ್ತರದಲ್ಲಿ ಇರುತ್ತಾನೆ, ಅದೂ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ. ಆಗ 2 ಅಡಿ ಸಜ್ಜಾದ ನೆರಳು ಗಾಜಿನ ಮೇಲೆ ಇಳಿಯುವುದು ಬರೀ 14 ಇಂಚು. 5 ಅಡಿ ಗಾಜು ಪೂರ್ತಿ ಮುಚ್ಚಬೇಕಾದರೆ ಎಂಟೂವರೆ ಅಡಿ ಸಜ್ಜಾ ಬೇಕು! ಆದರೆ ಅಂಚು ತಗ್ಗಿಸಿದರೆ ಕಡಿಮೆಯಲ್ಲೂ ಆಗುತ್ತದೆ. ಹಳಬರು ಮಾಡಿದ್ದು ಅದನ್ನೇ.

ಕೊನೆಗೆ ಬೇಡ ಅಂದಿದ್ದ ಜಗಲಿಯನ್ನೇ ಕಟ್ಟಿಸಿದೆ. ಗೋಡೆಯಿಂದ ಹೊರಕ್ಕೆ 8 ಅಡಿ. ಕಬ್ಬಿಣದ (ಜಿ.ಐ.) ಪೈಪಿನ ಚೌಕಟ್ಟು, ಮೇಲೆ ಹಳೆ ಮನೆಯಿಂದ ಬಿಚ್ಚಿಟ್ಟಿದ್ದ ಮಂಗಳೂರು ಹಂಚು. ಸೂರಿನ ಅಂಚು ನೆಲದಿಂದ ಎಷ್ಟು ಎತ್ತರ ಇರಬೇಕು ಎಂದು ನೋಡಲು ಮೊದಲು ಅಡಿಕೆ ಮರದ ನಾಲ್ಕು ದಬ್ಬೆ ನೆಟ್ಟು ತಾಡಪಾಲು ಕಟ್ಟಿದೆ. 7 ಅಡಿಗೆ ಬಿಸಿಲು ಒಳಗೆ ಬಂತು. ಐದೂವರೆಗೆ ಇಳಿಸಿದರೆ ಗುಡ್ಡವೇ ಹೋಯಿತು. 6 ಅಡಿಗೆ ನಿಲ್ಲಿಸಿದೆ. ತಮಾಷೆ ಎಂದರೆ, ಒಳಗೆ ನಿಂತು ನೋಡಿದರೆ ಗುಡ್ಡದ ನೆತ್ತಿ ಸೂರಿಗೆ ಕತ್ತರಿಸಿ ಹೋಗುತ್ತದೆ. ಕುರ್ಚಿಯಲ್ಲಿ ಕೂತರೆ ಕಣ್ಣು ನಾಲ್ಕಡಿ ಎತ್ತರಕ್ಕೆ ಬರುತ್ತದೆ, ಆಗ ಪೂರ್ತಿ ಗುಡ್ಡ, ಮೇಲೆ ಒಂದಿಷ್ಟು ಆಕಾಶ. ಬಂದವರು ನಿಂತುಕೊಂಡೇ "ಸೂರು ತಗ್ಗಾಯ್ತು" ಅನ್ನುತ್ತಾರೆ. ಕೂತ್ಕೊಳ್ಳಿ ಅನ್ನುತ್ತೇನೆ.

ನೋಟಕ್ಕೆ ಎತ್ತರದ ಕಿಟಕಿ ಬೇಕಿರಲಿಲ್ಲ. ನನ್ನ ಗಾಜಿನ ಮೇಲಿನ 2 ಅಡಿಯಿಂದ ಈಗ ಕಾಣುವುದು ಹಂಚಿನ ಅಡಿ ಮಾತ್ರ. ಮತ್ತೆ ಕಟ್ಟಿಸುವುದಾದರೆ ತಗ್ಗಾದ, ಉದ್ದನೆಯ ಕಿಟಕಿ ಇಡುತ್ತೇನೆ. ಬೆಳಕಿನ ಕೆಲಸ ಬೇರೆ ಕಿಟಕಿಗೆ.

ಯಾಕೆಂದರೆ ಜಗಲಿ ಬಂದ ಮೇಲೆ ಹಾಲ್ ಕತ್ತಲಾಯಿತು. ಪೂರ್ವದ ಗೋಡೆಯಲ್ಲಿ ಎತ್ತರಕ್ಕೆ ಎರಡು ಸಣ್ಣ ಕಿಟಕಿ ತೆಗೆಸಿದೆ. ಮಾಡಿಗೆ ಮೂರು ಗಾಜಿನ ಹಂಚು ಹಾಕಿಸಿದೆ. ಮೊದಲು ಊಟದ ಮೇಜಿನ ಮೇಲೇ ಹಾಕಿಸಿ ತಪ್ಪು ಮಾಡಿದ್ದೆ. ಏಪ್ರಿಲ್ ಕೊನೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ, ಬಿಸಿಲು ನೇರ ಸಾರಿನ ಪಾತ್ರೆಗೆ. ಅವನ್ನು ಓಡಾಡುವ ಜಾಗದ ಮೇಲೆ, ಗೋಡೆ ಪಕ್ಕಕ್ಕೆ ಸರಿಸಿದೆ. ಸುಣ್ಣದ ಗೋಡೆಗೆ ಬಿದ್ದ ಬೆಳಕು ಮೆತ್ತಗೆ ಒಳಗೆ ಹರಡುತ್ತದೆ. ಮಳೆಗಾಲ ಮುಗಿದ ಮೇಲೆ ಮಾತ್ರ ಏಣಿ ಹತ್ತಿ ಪಾಚಿ ಉಜ್ಜಬೇಕು. ದಕ್ಷಿಣದ ಕಿಟಕಿಗೆ ಏನೂ ಮಾಡಲಿಲ್ಲ. ಬೇಸಿಗೆಯಲ್ಲಿ 2 ಅಡಿ ಸಜ್ಜಾ ಅಲ್ಲಿಗೆ ಸಾಕು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಕಿಟಕಿಯ ಕೆಳಗಿನ ಅರ್ಧದಿಂದ ಬಿಸಿಲು ಬರುತ್ತದೆ, ಚಳಿಗೆ ಅದು ಬೇಕು.

ಐದೂವರೆ ಬಿಸಿಲನ್ನು ಜಗಲಿಯೂ ತಡೆಯುವುದಿಲ್ಲ. ಆಗ ಅದು ಗಾಜಿನ ಮೇಲೆ, ನೆಲದಿಂದ ಮೂರೂವರೆ ಅಡಿ ಎತ್ತರದವರೆಗೆ ಹತ್ತುತ್ತದೆ. ಅದಕ್ಕೆ ಸೂರಿಗೆ ಬಿದಿರಿನ ತಟ್ಟಿ ಕಟ್ಟಿದ್ದೇನೆ, ಹಗ್ಗ ಬಿಟ್ಟರೆ ಇಳಿಯುತ್ತದೆ. ಸಂದಿಯಲ್ಲಿ ಗದ್ದೆಯ ಹಸಿರು ಕಾಣುತ್ತಲೇ ಇರುತ್ತದೆ.

ಒಂದು ತಾಪತ್ರಯ ಇನ್ನೂ ಉಳಿದಿದೆ. ಜಗಲಿಯಾಚೆ ಅಡಿಕೆ ಒಣಗಿಸಲು ಸಿಮೆಂಟ್ ಅಂಗಳ ಮಾಡಿಸಿದ್ದೆ. ಚಾಲಿಗೆ, ಅಂದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಲು, ಹರಡಿದ ಅಡಿಕೆ ಇರುವಷ್ಟು ದಿನ ಅಂಗಳ ಕಂದು, ಕಣ್ಣಿಗೆ ಹಿತ. ಮಾರ್ಚ್ ಕೊನೆಗೆ ಅಡಿಕೆ ತೆಗೆದ ಕೂಡಲೇ ಬೋಳು ಸಿಮೆಂಟು ಫಳಫಳ ಹೊಡೆಯುತ್ತದೆ, ಸರಿಯಾಗಿ ಬಿಸಿಲು ಜೋರಾಗುವ ಹೊತ್ತಿಗೆ. ಈ ಸಲ ಅಂಗಳದ ಮೇಲೆ ಅಡಿಕೆ ಮರದ ಒಣ ಸೋಗೆ ಹರಡಿ ನೋಡುತ್ತಿದ್ದೇನೆ. ಗಾಳಿ ಬಂದಾಗಲೆಲ್ಲ ಅರ್ಧ ಸೋಗೆ ಗದ್ದೆಗೆ ಹೋಗುತ್ತಿದೆ.