ಯುವನಿಧಿ: ಅರ್ಜಿ ಸಿಕ್ಕಿಕೊಳ್ಳುವುದು ಎಲ್ಲಿ?

ಕರ್ನಾಟಕದಲ್ಲಿ ಪದವಿ ಇಲ್ಲವೇ ಡಿಪ್ಲೊಮಾ ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದಿದ್ದರೆ, ರಾಜ್ಯ ಸರ್ಕಾರ ಕೊಡುವ ಯುವನಿಧಿ ನಿರುದ್ಯೋಗ ಭತ್ಯೆಗೆ ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500; ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿರುವವರಿಗೆ ಇಲ್ಲ.

ಮೊದಲು ಡಿಜಿಲಾಕರ್ (ದಾಖಲೆ ಇಡುವ ಸರ್ಕಾರಿ ಆ್ಯಪ್) ತೆರೆದು ಪ್ರಮಾಣಪತ್ರ ಬಂದಿದೆಯೇ ನೋಡಿ. ಇಲ್ಲದಿದ್ದರೆ ವಿಶ್ವವಿದ್ಯಾಲಯವೇ ಏರಿಸಬೇಕು, ಸೈಬರ್ ಸೆಂಟರಿನವರ ಕೈಲಿ ಆಗದು. ಆಧಾರ್‌ನಲ್ಲಿ ‘ಮಂಜುನಾಥ’, ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್’ ಎಂದಿದ್ದರೂ ತಕರಾರು ಬರಬಹುದು.

ಮಂಜೂರಾಗಿಯೂ ಹಣ ಬಾರದಿದ್ದರೆ ಬ್ಯಾಂಕಿನಲ್ಲಿ ‘ಆಧಾರ್ ಸೀಡಿಂಗ್ ಆಗಿದೆಯೇ’ ಎಂದೇ ಕೇಳಿ; ಅಂದರೆ ಸರ್ಕಾರದ ಹಣ ಬೀಳುವಂತೆ ಖಾತೆಗೆ ಆಧಾರ್ ಜೋಡಣೆ. ಕೆವೈಸಿಗೆಂದು ಜೆರಾಕ್ಸ್ ಕೊಟ್ಟಿದ್ದರೆ ಸಾಲದು. ಡಿಬಿಟಿ (ನೇರ ನಗದು ವರ್ಗಾವಣೆ) ಹಣ ಬೀಳುವುದು ಸೀಡಿಂಗ್ ಆದ ಖಾತೆಗೇ. ‘ಇನ್ನೂ ಕೆಲಸ ಸಿಕ್ಕಿಲ್ಲ’ ಎಂಬ ಸ್ವಯಂ ಘೋಷಣೆ ತಪ್ಪಿದರೂ ಕಂತು ನಿಲ್ಲುತ್ತದೆ. ಕೆಲಸ ಸಿಕ್ಕ ಕೂಡಲೇ ಅದನ್ನೂ ತಿಳಿಸಿಬಿಡಿ.