ಬಂಗೋ, ಸಿಬ್ಬೋ, ಹುಳುಕಡ್ಡಿನೋ? ಮೊದ್ಲು ಕಲೆಯ ಹೆಸ್ರು ತಿಳ್ಕೊಳ್ಳಿ

ಹೋದ ಮಳೆಗಾಲದಲ್ಲಿ ಮುಂಬೈ ಹತ್ರದ ಡೊಂಬಿವಲಿಯ ನಮ್ಮನೇಲಿ ಅವ್ವನ ಕುತ್ತಿಗೆ ಮೇಲೆ ಬಿಳಿ ಬಿಳಿ ಚುಕ್ಕೆ ಎದ್ದಿದ್ವು. ನಾನು ಮೆಡಿಕಲ್‌ಗೆ ಹೋಗಿ ‘ಡಾಗ್ (ಮರಾಠಿಲಿ ಕಲೆ) ಆಗಿದೆ, ಏನಾದ್ರೂ ಕೊಡಿ’ ಅಂದೆ, ಅವ್ರು ಒಂದು ಟ್ಯೂಬ್ ಕೊಟ್ರು, ವಾರದಲ್ಲಿ ಕಮ್ಮಿ ಆದಂಗಾಗಿ ಹಚ್ಚೋದು ಬಿಟ್ಟ ಮೇಲೆ ಎದೆ ತನಕ ಹಬ್ತು. ಕೊನೆಗೆ ಸ್ಕಿನ್ ಡಾಕ್ಟ್ರ ಹತ್ರ ಹೋದಾಗ ಅವ್ವ ಸೀದಾ ‘ಸಿಬ್ಬ ಆಗ್ಯಾವ್ರೀ’ ಅಂದ್ಲು, ಮರಾಠಿ ಡಾಕ್ಟ್ರಿಗೆ ಥಟ್ಟನೆ ತಿಳೀತು, ಮರಾಠಿಲೂ ಅದು ಶಿಬೆ. ಟ್ಯೂಬ್ ತಿರುಗಿಸಿ ನೋಡಿ, ಇದ್ರಲ್ಲಿ ಸ್ಟೆರಾಯ್ಡ್ (ತುರಿಕೆ, ಉರಿ ಅಡಗಿಸೋ ಔಷಧಿ) ಇದೆ, ಇದನ್ನ ಮೊದ್ಲು ನಿಲ್ಸಿ ಅಂದ್ರು.

ಸಿಬ್ಬು ಗುರುತಿಸೋದು ಸುಲಭ. ಉಗುರಿಂದ ಮೆಲ್ಲಗೆ ಕೆರೆದ್ರೆ ಹಿಟ್ಟಿನಂಥ ಸಣ್ಣ ಪುಡಿ ಏಳುತ್ತೆ. ಎಲ್ಲರ ಚರ್ಮದ ಮೇಲೂ ಇರೋ ಒಂದು ಫಂಗಸ್ ಬೆವರು, ಸೆಖೆಗೆ ಜಾಸ್ತಿಯಾದಾಗ ಬರೋದಿದು, ಮುಂಬೈ ಹವೆ ಅದಕ್ಕೆ ಹೇಳಿ ಮಾಡಿಸಿದಂಗಿದೆ. ಫಂಗಸ್ ಸತ್ರೂ ಬಿಳಿ ಹೋಗಿ ಚರ್ಮದ ಬಣ್ಣ ವಾಪಸ್ ಬರೋಕೆ ತಿಂಗಳುಗಟ್ಲೆ ಬೇಕು, ಔಷಧಿ ಕೆಲ್ಸ ಮಾಡ್ಲಿಲ್ಲ ಅಂತ ಗಾಬರಿಯಾಗಬೇಡಿ.

ಹಾಲಿನಷ್ಟು ಬೆಳ್ಳಗಿದ್ದು ಪುಡಿ ಏಳದಿದ್ರೆ ತೊನ್ನು ಇರಬಹುದು, ಮರಾಠಿಲಿ ಕೋಡ. ಇದು ಅಂಟುರೋಗ ಅಲ್ವೇ ಅಲ್ಲ, ಮುಟ್ಟಿದ್ರೆ, ಒಟ್ಟಿಗೆ ಉಂಡ್ರೆ ಬರಲ್ಲ, ದಯವಿಟ್ಟು ಯಾರನ್ನೂ ದೂರ ಕೂರಿಸಬೇಡಿ. ಆದ್ರೆ ಮಂಕಾದ ಕಲೆಯ ಮೇಲೆ ಸ್ಪರ್ಶವೇ ಗೊತ್ತಾಗದಿದ್ರೆ ತಡ ಮಾಡ್ದೆ ತೋರಿಸಿ, ಕುಷ್ಠ ಆಗಿದ್ರೆ ಸರ್ಕಾರಿ ಆಸ್ಪತ್ರೆಲಿ ಔಷಧಿ ಪುಕ್ಕಟೆ, ಗುಣ ಆಗುತ್ತೆ.

ಹುಳುಕಡ್ಡಿ ಅಂದ್ರೆ ಗಜಕರ್ಣ. ಹೆಸ್ರಲ್ಲಿ ಹುಳ ಇದ್ರೂ ಇದೂ ಫಂಗಸ್ಸೇ. ಉಂಗುರದ ಥರ ಅಂಚು ಕೆಂಪಗೆ ಉಬ್ಬಿ, ನಡುವೆ ತಿಳಿಯಾಗಿ, ವಿಪರೀತ ತುರಿಕೆ. ಲೋಕಲ್ ರೈಲಲ್ಲಿ ಬೆವರಿ ಬಂದು ಒದ್ದೆ ಬಟ್ಟೇಲೇ ಕೂತ್ರೆ, ಮನೆಮಂದಿ ಒಂದೇ ಟವೆಲ್ ಬಳಸಿದ್ರೆ ಹಬ್ಬುತ್ತೆ. ಇದಕ್ಕೆ ಸ್ಟೆರಾಯ್ಡ್ ಕ್ರೀಮ್ ಹಚ್ಚಿದ್ರೆ ತುರಿಕೆ ನಿಲ್ಲುತ್ತೆ, ಫಂಗಸ್ ಒಳಗೊಳಗೇ ಹರಡುತ್ತೆ, ಉಂಗುರದ ಆಕಾರ ಕೆಟ್ಟು ಡಾಕ್ಟ್ರಿಗೂ ಗುರುತು ಸಿಗೋದು ಕಷ್ಟ. 2018ರಿಂದ ಇಂಥ ಹಲವು ಕ್ರೀಮ್‌ಗಳಿಗೆ ಡಾಕ್ಟ್ರ ಚೀಟಿ ಕಡ್ಡಾಯ, ಆದ್ರೂ ಕೈಗೆ ಸುಲಭವಾಗಿ ಸಿಕ್ಬಿಡ್ತಾವೆ.

ಬಂಗು ಕೆನ್ನೆಯ ಎರಡೂ ಕಡೆ ಸಮವಾಗಿ ಕಂದು ಬಣ್ಣಕ್ಕೆ ಬರುತ್ತೆ, ಮರಾಠಿಯವರ ವಾಂಗ. ಬಸಿರಿನ ಹಾರ್ಮೋನು, ಬಿಸಿಲು ಎರಡೂ ಕಾರಣ, ಹಾಗಾಗಿ ಎಷ್ಟೇ ಕ್ರೀಮ್ ಹಚ್ಚಿ, ಸನ್‌ಸ್ಕ್ರೀನ್ ಇಲ್ದೆ ಬಿಸಿಲಿಗೆ ಹೋದ್ರೆ ಮತ್ತೆ ಬರುತ್ತೆ. ಸನ್‌ಸ್ಕ್ರೀನ್‌ನ ಎಸ್‌ಪಿಎಫ್ (ಬಿಸಿಲು ತಡೆಯೋ ಅಳತೆ) 30 ಆದ್ರೂ ಇರ್ಲಿ, ಮುಖ-ಕುತ್ತಿಗೆಗೆ ಎರಡು ಬೆರಳುದ್ದ ಬೇಕು. ಮನೆಯ ನಿಂಬೆಹಣ್ಣು ಉಜ್ಜಲೇಬೇಡಿ, ಚರ್ಮ ಸುಡುತ್ತೆ.

ಮೊಡವೆ ಹೋದ ಮೇಲಿನ ಕಪ್ಪು ತಾನಾಗೇ ತಿಳಿಯಾಗುತ್ತೆ, ಕುಳಿ ಬಿದ್ದಿದ್ರೆ ಮೇಲೆ ಹಚ್ಚೋ ಕ್ರೀಮಿಂದ ತುಂಬಲ್ಲ.

ನರೂಲಿ ಅಂತ ನಾವು ಚರ್ಮದ ಮೇಲೆ ಏಳೋ ಎರಡು ಥರದ ಗಂಟನ್ನೂ ಕರೀತೀವಿ. ಮೆತ್ತಗೆ ಜೋತಾಡೋದು ನಿರುಪದ್ರವಿ, ಒರಟಾಗಿರೋದು ವೈರಸ್‌ನಿಂದ ಬರೋದು, ಹರಡುತ್ತೆ. ದಾರ ಕಟ್ಟೋದು, ಬ್ಲೇಡಲ್ಲಿ ಕೊಯ್ಯೋದು ಬೇಡ.

ಹುಟ್ಟಿನಿಂದ ಇರೋ ಮಚ್ಚೆ ಸಾಮಾನ್ಯವಾಗಿ ತೊಂದರೆ ಕೊಡಲ್ಲ. ಯಾವ ಮಚ್ಚೆಯೇ ಆಗ್ಲಿ ಅಂಚು ವಕ್ರವಾಗಿ, ಬಣ್ಣ ಬೇರೆ ಬೇರೆಯಾಗಿ, 6 ಮಿಲಿಮೀಟರ್‌ಗಿಂತ ದೊಡ್ಡದಾಗ್ತಾ ಇದ್ರೆ, ರಕ್ತ ಬಂದ್ರೆ ತಕ್ಷಣ ತೋರಿಸಿ.

ಡಾಕ್ಟ್ರ ಹತ್ರ ಹೋಗುವಾಗ ಊರ ಹೆಸ್ರಲ್ಲೇ ಹೇಳಿ, ಇಲ್ಲಿ ತನಕ ಹಚ್ಚಿದ ಟ್ಯೂಬ್‌ಗಳನ್ನೆಲ್ಲ, ಖಾಲಿಯಾಗಿದ್ರೂ, ಚೀಲಕ್ಕೆ ಹಾಕ್ಕೊಂಡು ಹೋಗಿ.